ಕಂಪನಿಯ ತಟ್ಟೆ

ಆ ರಾತ್ರಿ ಕೆಳಗಿನ ಅಂಗಡಿಯಲ್ಲಿ ಸ್ಟೀಲ್ ತಟ್ಟೆಯ ಅಂಚು ನೆಲಕ್ಕೆ ತಾಗಿದ ಸದ್ದಾಯಿತು. ಜೋರಾದ ಸದ್ದೇನಲ್ಲ. ಯಾರಿಗೂ ಕೇಳಿಸಬಾರದೆಂದು ಜೋಪಾನವಾಗಿ ಇಡುತ್ತಿದ್ದಾಗ ಕೊನೆಯ ಗಳಿಗೆಯಲ್ಲಿ ಬೆರಳು ಜಾರಿದಂಥ ಸದ್ದು. ನನಗೆ ಎಚ್ಚರವಾಗಲು ಅಷ್ಟೂ ಬೇಕಿಲ್ಲ. ಎದ್ದು ಕೂತು ಅಭ್ಯಾಸದಂತೆ ಮೊದಲು ನನ್ನ ಮೈ ನೋಡಿಕೊಂಡೆ. ಕತ್ತಲಲ್ಲೇ ಎಡಗೈಯಿಂದ ಬಲಗೈ ಸವರಿದೆ, ಬಲಗೈಯಿಂದ ಎಡಗೈ ಸವರಿದೆ. ಆಮೇಲೆ ಕೆನ್ನೆ, ಕತ್ತು, ಪಾದ. ಎಲ್ಲ ಕಡೆಯೂ ಚರ್ಮ ಚರ್ಮದ ಹಾಗೆಯೇ ಇತ್ತು. ಕಂಪನಿ ತನ್ನ ತಟ್ಟೆ ತೊಳೆದು ಇಡುತ್ತಿರಬೇಕು ಅಂದುಕೊಂಡು ಮಗ್ಗುಲಾದೆ. ಪಕ್ಕದ ಹಾಸಿಗೆಯಲ್ಲಿ ಅವ್ವ ಇದ್ದಾಳೋ ಇಲ್ಲವೋ ಎಂದು ನೋಡಲಿಲ್ಲ.

ನಮ್ಮ ಊರಿನಲ್ಲಿ ಕಸುಬಿನವರೆಲ್ಲ ಹೀಗೆಯೇ ಏಳುವುದು. ಒಬ್ಬರ ಕೆಲಸದಿಂದ ಇನ್ನೊಬ್ಬರಿಗೆ ಗಾಯವಾದರೆ ಆ ಗಾಯ ಕೆಲಸ ಮಾಡಿದವರ ಮೈಗೂ ಬರುತ್ತದೆ. ಅದೇ ಜಾಗಕ್ಕೆ, ಅದೇ ಹೊತ್ತಿಗೆ, ಅವರು ಎಲ್ಲಿದ್ದರೂ. ಹೊಸದಾಗಿ ಕ್ಷೌರದಂಗಡಿ ಇಟ್ಟವನ ಕೆನ್ನೆ ತುಂಬ ಗೀರುಗಳಿರುತ್ತವೆ. ಚಪ್ಪಲಿ ಅಂಗಡಿಯವನ ಹಿಮ್ಮಡಿ ಒಡೆದಿದ್ದರೆ ಜನ ಪಕ್ಕದ ಅಂಗಡಿಗೆ ಹೋಗುತ್ತಾರೆ. ಗುರುಪಾದಪ್ಪನವರ ಹೋಟೆಲಿಗೆ ಹೋದವರು ತಿಂಡಿಯ ಹಲಗೆ ನೋಡುವ ಮೊದಲು ಗಲ್ಲಾಪೆಟ್ಟಿಗೆಯ ಕಡೆ ನೋಡುತ್ತಾರೆ. ಗುರುಪಾದಪ್ಪ ನೆಮ್ಮದಿಯಾಗಿ ಕೂತಿದ್ದರೆ ಸಾಂಬಾರು ಸರಿಯಾಗಿದೆ ಎಂದರ್ಥ. ಅವರ ಕುರ್ಚಿ ಖಾಲಿ ಇದ್ದು ಹಿತ್ತಲಿನ ಬಾಗಿಲು ಅಲ್ಲಾಡುತ್ತಿದ್ದರೆ ಕಾಫಿ ಮಾತ್ರ ಹೇಳುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಅವಳ ಅಪ್ಪನ ಕೈಕಾಲು ನೋಡುವುದು ವಾಡಿಕೆ. ನನ್ನನ್ನು ನೋಡಲು ಬಂದವರು ನೋಡಿದ್ದೂ ಅದನ್ನೇ, ಮತ್ತೆ ಬಾರದೇ ಹೋಗಿದ್ದೂ ಅದಕ್ಕೇ.

ಅಪ್ಪ ವೈರಿಂಗ್ ಕೆಲಸದವರು. ಊರಾಚೆಯ ಎಣ್ಣೆ ಮಿಲ್ಲಿಗೆ ಅವರೇ ಕರೆಂಟು ಎಳೆದಿದ್ದರು. ಒಂದು ಮಧ್ಯಾಹ್ನ ಊಟಕ್ಕೆ ಕೂತು ತುತ್ತು ಬಾಯಿಗೆ ಒಯ್ಯುವಾಗ ಅವರ ಬಲಗೈ ಮೊಳಕೈವರೆಗೆ ಕಪ್ಪಾಯಿತು. ಮಿಲ್ಲಿನಲ್ಲಿ ಆಳೊಬ್ಬ ಸ್ವಿಚ್ಚು ಒತ್ತಿದ್ದು ಅದೇ ಹೊತ್ತಿಗೆ ಎಂದು ಸಂಜೆ ಗೊತ್ತಾಯಿತು. ನಾನು ಆಗ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೆ, ರಜಕ್ಕೆ ಬಂದಿದ್ದೆ. ನನಗೆ ಅಪ್ಪನ ಕೈಗಿಂತ ಹೆಚ್ಚು ನೆನಪಿರುವುದು ಅವ್ವ. ಅವಳು ಸಾರು ಬಡಿಸಲು ಬಗ್ಗಿದ್ದಳು. ಅಪ್ಪ ಕಿರುಚಿ, ಬಿದ್ದು, ಅಕ್ಕಪಕ್ಕದವರು ಬಂದು ಎತ್ತಿಕೊಂಡು ಹೋದ ಮೇಲೂ ಅವಳು ಸೌಟು ಹಿಡಿದು ಹಾಗೆಯೇ ಬಗ್ಗಿ ನಿಂತಿದ್ದಳು. ಆ ಕೈ ಮತ್ತೆ ಕೆಲಸಕ್ಕೆ ಬರಲಿಲ್ಲ. ಅಪ್ಪನೂ ಹೆಚ್ಚು ಕಾಲ ಉಳಿಯಲಿಲ್ಲ.

ಇಷ್ಟೆಲ್ಲ ನೋಡಿಯೂ ನಾನು ಹಿಡಿದದ್ದು ಬಾಯ್ಲರಿನ ಕೆಲಸ. ಹೋಟೆಲುಗಳಿಗೆ ಇಡ್ಲಿ ಬೇಯಿಸುವ ಆವಿಯ ಬಾಯ್ಲರು, ಲಾಂಡ್ರಿಗಳಿಗೆ ಇಸ್ತ್ರಿಯ ಬಾಯ್ಲರು. ನನಗೆ ಬರುತ್ತಿದ್ದ ಕೆಲಸ ಅದೊಂದೇ, ಮತ್ತು ಊರಿನಲ್ಲಿ ಅದನ್ನು ಮಾಡುವವರು ಬೇರೆ ಯಾರೂ ಉಳಿದಿರಲಿಲ್ಲ. ಒಂದೊಂದು ಬಾಯ್ಲರನ್ನೂ ಬೇಕಾದ್ದಕ್ಕಿಂತ ಹೆಚ್ಚು ಒತ್ತಡ ಹಾಕಿ ಪರೀಕ್ಷಿಸುತ್ತಿದ್ದೆ. ಸೇಫ್ಟಿ ವಾಲ್ವನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚುತ್ತಿದ್ದೆ. ಆದರೂ ಬಾಯ್ಲರು ಅಂಗಡಿಯಿಂದ ಹೊರಟು ಹೋದ ಮೇಲೆ ಅದು ಇನ್ನೊಬ್ಬರ ಕೈಯಲ್ಲಿರುತ್ತದೆ. ಪ್ರತಿ ಬಾಯ್ಲರು ಹೋದಾಗಲೂ ನನ್ನ ನಿದ್ದೆಯ ಒಂದು ತುಂಡನ್ನು ಜೊತೆಗೆ ಒಯ್ಯುತ್ತಿತ್ತು.

ವಕೀಲ ತಿಪ್ಪೇರುದ್ರಪ್ಪನವರು ಒಂದು ದಿನ ತಾವಾಗಿಯೇ ಅಂಗಡಿಗೆ ಬಂದರು. ಅವರ ಸೊಸೆಯ ಲಾಂಡ್ರಿಗೆ ನಾನು ಬಾಯ್ಲರು ಕೊಟ್ಟಿದ್ದೆ.

"ಅಲ್ಲ ಕಣಮ್ಮ, ಇಷ್ಟು ಓದಿದೀಯ, ಇನ್ನೂ ನಿನ್ನ ಹೆಸರಲ್ಲೇ ಕೆಲಸ ಮಾಡ್ತೀಯಲ್ಲ" ಎಂದರು. "ಮೈ ಏನು ಬಾಡಿಗೆಗೆ ತಂದಿದೀಯಾ? ಒಂದು ಕಂಪನಿ ಮಾಡಿಸ್ಕೋ. ಬರೋದೆಲ್ಲ ಅದಕ್ಕೆ ಬರುತ್ತೆ."

"ನಿಮ್ಮದು ಇದೆಯಾ?"

"ಇಲ್ದೆ? ಆಫೀಸಲ್ಲಿ ಕೂತಿದೆ. ನಾನು ಹೇಳಿದ್ದು ಕೇಳಿ ಕಕ್ಷಿದಾರರು ನಿದ್ದೆಗೆಡ್ತಾರೆ, ಅದು ಆಕಳಿಸ್ತಾ ಇರುತ್ತೆ." ಅವರು ನಕ್ಕರು. ಅವರ ಮುಖದಲ್ಲಿ ಒಂದು ಸುಕ್ಕೂ ಇರಲಿಲ್ಲ.

ನೋಂದಣಿ ಕಚೇರಿಗೆ ಹೋಗಿ ರುಜು ಹಾಕಿದೆ. ಹೆಸರು ಕೇಳಿದರು. ಹೊಳೆಯ ಹೆಸರಿಟ್ಟು ವರದಾ ಸ್ಟೀಮ್ ವರ್ಕ್ಸ್ ಎಂದು ಬರೆಸಿದೆ. ಒಳಗಿನಿಂದ ಕಂಪನಿಯನ್ನು ಕರೆತಂದು ನನ್ನ ಪಕ್ಕ ನಿಲ್ಲಿಸಿದರು. ಸುಮಾರು ಇಪ್ಪತ್ತರ ಹುಡುಗನಷ್ಟು ಎತ್ತರ, ಬಿಸಿಲು ಕಾಣದ ಬಣ್ಣ, ಮೈಮೇಲೆ ಒಂದು ಮಚ್ಚೆಯೂ ಇಲ್ಲ. ಅದಕ್ಕೆ ಬರುತ್ತಿದ್ದದ್ದು ತನ್ನ ಹೆಸರು ಮತ್ತು ನಮ್ಮ ಅಂಗಡಿಯ ವಿಳಾಸ ಮಾತ್ರ. ದಾರಿಯುದ್ದಕ್ಕೂ ಅದು ಎಲ್ಲವನ್ನೂ ತಿರುತಿರುಗಿ ನೋಡುತ್ತ ನನ್ನ ಹಿಂದೆ ಬಂತು.

ವಕೀಲರು ಅಂಗಡಿಯಲ್ಲೇ ಕೂತು ಕಟ್ಟಳೆ ಹೇಳಿದರು. ಅದರ ದುಡ್ಡಿನ ಚೀಲ ಬೇರೆ, ನನ್ನ ಚೀಲ ಬೇರೆ. ಅದರ ಹಾಸಿಗೆ ಬೇರೆ. ಅದರ ತಟ್ಟೆ ಬೇರೆ, ಎಲ್ಲಕ್ಕಿಂತ ಮುಖ್ಯ ತಟ್ಟೆ. "ಅದು ಅನ್ನಿ. ಅವನು, ಇವನು, ಮಗ, ತಮ್ಮ ಅಂತ ಶುರು ಮಾಡ್ಬೇಡಿ. ಹೆಂಗಸರಿರೋ ಮನೇಲಿ ಅದೇ ದೊಡ್ಡ ತಾಪತ್ರಯ."

ಅವ್ವ ಕಾಫಿ ತಂದಿದ್ದಳು. "ಬೆರೆತರೆ ಏನಾಯ್ತದೆ ವಕೀಲರೇ?" ಎಂದು ಕೇಳಿದಳು.

"ಏನಾಗುತ್ತೆ? ಇಟ್ಟಿಗೆ ಭಟ್ಟಿ ಇಟ್ಟಿದ್ದ ಒಬ್ಬ ಕಕ್ಷಿದಾರ ಇದ್ದ. ಚಳಿ ಅಂತ ಕಂಪನಿ ಜೊತೆ ಒಂದೇ ತಟ್ಟೇಲಿ ಉಂಡ. ಮಾರನೇ ತಿಂಗಳು ಗೋಡೆ ಬಿತ್ತು. ಕಂಪನಿ ಸುಖವಾಗಿ ಕೂತಿತ್ತು, ಇವನ ಸೊಂಟ ಮುರೀತು. ಯಾರ ತಟ್ಟೇಲಿ ಉಣ್ಣುತ್ತೋ ಅವರ ಮೈಯೇ ಅದರ ಮೈ. ಒಂದ್ಸಲ ಬೆರೆತರೆ ಬಿಡಿಸೋಕಾಗಲ್ಲವ್ವ. ಕಂಪನೀನೇ ರದ್ದು ಮಾಡ್ಬೇಕು. ರದ್ದಾದ್ರೆ ಹಳೇದೆಲ್ಲ ವಾಪಸ್ ಮಾಲೀಕರಿಗೆ."

"ಮಾಲೀಕರೇ ಉಣ್ಣಬೇಕಾ? ಬೇರೆಯವರು ಉಂಡರೆ?"

"ಬೇರೆಯವರು ಯಾಕೆ ಉಣ್ತಾರೆ ಹೇಳು" ಎಂದು ವಕೀಲರು ನಕ್ಕರು. ನಾನೂ ನಕ್ಕೆ. ಅವ್ವ ಲೋಟ ಎತ್ತಿಕೊಂಡು ಮೇಲೆ ಹೋದಳು.

ಕಂಪನಿಗೆ ಅಂಗಡಿಯ ಹಿಂದಿನ ಮೂಲೆಯಲ್ಲಿ ಪರದೆ ಕಟ್ಟಿ ಕುರ್ಚಿ, ಮಂಚ, ತಟ್ಟೆ, ಲೋಟ ಇಟ್ಟೆ. ಅದರ ಅಡುಗೆ ಬೇರೆ ಒಲೆಯಲ್ಲಿ ಆಗುತ್ತಿತ್ತು. ಕಚೇರಿಯವರು ಹೇಳಿದಷ್ಟು ಅಕ್ಕಿ, ಹೇಳಿದಷ್ಟು ಬೇಳೆ. ನಾನು ಒಂದು ಹಿಡಿ ಹೆಚ್ಚೂ ಹಾಕಲಿಲ್ಲ, ಕಡಿಮೆಯೂ ಹಾಕಲಿಲ್ಲ. ಮಳೆಗಾಲದ ಮೊದಲು ಲಾಂಡ್ರಿಯೊಂದರಲ್ಲಿ ಹೆಂಗಸೊಬ್ಬಳ ಬೆರಳುಗಳು ಬಾಯ್ಲರಿನ ಪೈಪಿಗೆ ತಾಗಿ ಬೊಬ್ಬೆ ಎದ್ದವು. ನಾನು ಆಗ ವಾಲ್ವು ಉಜ್ಜುತ್ತಿದ್ದೆ. ಪರದೆಯ ಹಿಂದಿನಿಂದ ಉಸಿರು ಎಳೆದುಕೊಂಡ ಸದ್ದು ಬಂತು. ಹೋಗಿ ನೋಡಿದರೆ ಕಂಪನಿ ತನ್ನ ಬೆರಳುಗಳನ್ನು ಬಾಯಿಯ ಮುಂದೆ ಹಿಡಿದು ಊದಿಕೊಳ್ಳುತ್ತಿತ್ತು. ಬೊಬ್ಬೆಗಳು ಸಾಲಾಗಿ ಎದ್ದಿದ್ದವು. ನಾನು ನನ್ನ ಬೆರಳು ನೋಡಿಕೊಂಡೆ. ಆ ರಾತ್ರಿ ಬೆಳಗಿನವರೆಗೆ ಒಂದೇ ನಿದ್ದೆ ಮಾಡಿದೆ.

ಮರುದಿನ ಅವ್ವ ಅದರ ಬೆರಳಿಗೆ ತುಪ್ಪ ಸವರುತ್ತಿದ್ದಳು. ನಾನು ರೇಗಿದೆ. "ಮುಟ್ಟಬೇಡ ಅಂತ ಹೇಳಿದಾರಲ್ಲ."

"ತಟ್ಟೆ ಮುಟ್ಟಬ್ಯಾಡ ಅಂದ್ರು. ಬೆರಳು ಮುಟ್ಟಬ್ಯಾಡ ಅನ್ನಲಿಲ್ಲ" ಎಂದಳು. "ನೋಡು, ಇದಕ್ಕೂ ಚರ್ಮ ಐತೆ."

"ಅವ್ವ, ಅದಕ್ಕೇ ಅದನ್ನ ತಂದಿರೋದು."

ಅವಳು ತುಪ್ಪದ ಬಟ್ಟಲು ಮುಚ್ಚಿ ಎದ್ದಳು. ಅದಾದ ಮೇಲೆ ಅವಳು ಅದರ ವಿಷಯ ಎತ್ತಲಿಲ್ಲ, ಮತ್ತು ನಾನು ನೆಮ್ಮದಿಯಾದೆ. ಒಂದು ಸಂಗತಿ ಮಾತ್ರ ನನಗೆ ಹೊಳೆಯಬೇಕಿತ್ತು. ಒಂದು ಬೆಳಿಗ್ಗೆ ನಾನು ಶಟರ್ ಎತ್ತುತ್ತಿದ್ದಾಗ ಕಂಪನಿ ಪರದೆ ಸರಿಸಿ ನನ್ನನ್ನು ನೋಡಿ, "ತಿಂಡಿ ಆಯ್ತಾ ಅಕ್ಕಾ?" ಎಂದು ಕೇಳಿತು. ಗಿರಾಕಿಗಳ ಮಾತು ಕೇಳಿ ಕಲಿತಿರಬೇಕು ಎಂದುಕೊಂಡೆ. ನಮ್ಮ ಅಂಗಡಿಗೆ ಬರುವ ಯಾವ ಗಿರಾಕಿಯೂ ನನ್ನನ್ನು ಅಕ್ಕ ಎನ್ನುವುದಿಲ್ಲ.

ತಟ್ಟೆಯ ಸದ್ದು ಕೇಳಿದ ರಾತ್ರಿಯ ಮಾರನೆಯ ಬೆಳಿಗ್ಗೆ, ಹೋಟೆಲುಗಳಲ್ಲಿ ತಿಂಡಿಯ ಗದ್ದಲ ಇರುವ ಹೊತ್ತಿಗೆ, ಗುರುಪಾದಪ್ಪ ಸ್ಕೂಟರ್ ಸ್ಟ್ಯಾಂಡ್ ಹಾಕದೆ ಗೋಡೆಗೆ ಒರಗಿಸಿ ಒಳಗೆ ಬಂದರು. ಹೆಗಲ ಮೇಲೆ ಹೋಟೆಲಿನ ಟವೆಲ್ಲು ಹಾಗೇ ಇತ್ತು. ಅವರು ನನ್ನ ಮುಖ ನೋಡಲಿಲ್ಲ. ನನ್ನ ಎಡಗೈ ನೋಡಿದರು. ಆಗಲೇ ನನಗೆ ಗೊತ್ತಾಯಿತು.

"ಮೇಡಮ್ಮೋರೇ, ಬಾಯ್ಲರ್ ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ಹರಿದು ಹಬೆ ನುಗ್ಗಿಬಿಡ್ತು. ಮುದ್ದಣ್ಣ ಪಕ್ಕದಲ್ಲೇ ಇಡ್ಲಿ ತಟ್ಟೆ ತೆಗೀತಿದ್ದ. ಎಡಗೈ ಭುಜದ ತನಕ ಬೆಂದೈತೆ. ಆಸ್ಪತ್ರೆಗೆ ಕಳಿಸಿದೀನಿ."

ಮುದ್ದಣ್ಣ ಅವರ ಹೋಟೆಲಿನ ಹಳೆಯ ಅಡುಗೆಯವನು. ನಾನು ಬಟ್ಟೆಯ ತೋಳು ಮೇಲೆ ಸರಿಸಿ ಎರಡೂ ಕೈ ಮುಂದೆ ಚಾಚಿದೆ. ನಾನು ಚಾಚಿದೆನೋ ಅವರು ಕೇಳಿದರೋ ನೆನಪಿಲ್ಲ. ಒಂದು ಕಲೆಯೂ ಇರಲಿಲ್ಲ.

"ಕಂಪನಿ ಮಾಡಿಸಿದ್ದು ಒಳ್ಳೇದಾಯ್ತು ಬಿಡಿ" ಎಂದು ಅವರು ಉಸಿರುಬಿಟ್ಟರು. "ಪಾಪ, ಅದು ಕೂಗಲೂ ಇಲ್ವಾ?"

ನಾನು ಏನೋ ಹೇಳಿ ಅವರನ್ನು ಕಳಿಸಿ ಪರದೆ ಸರಿಸಿದೆ. ಕಂಪನಿ ಕುರ್ಚಿಯಲ್ಲಿ ಕೂತಿತ್ತು. ಅಂಗಿಯ ತೋಳುಗಳನ್ನು ಭುಜದವರೆಗೆ ಮಡಚಿಕೊಂಡಿತ್ತು, ನನಗೆ ತೋರಿಸಲೆಂದೇ ಎಂಬಂತೆ. ಎರಡೂ ತೋಳುಗಳು ಕಚೇರಿಯಿಂದ ತಂದ ದಿನ ಇದ್ದ ಹಾಗೆಯೇ ಇದ್ದವು. ಅದರ ಕಣ್ಣು ಒದ್ದೆಯಾಗಿತ್ತು. ನಾನು ಅದರ ಎಡತೋಳನ್ನು ಹಿಡಿದು ಒತ್ತಿ ನೋಡಿದೆ. ಅದು ನೋಯುವವರ ಹಾಗೆ ಎಳೆದುಕೊಳ್ಳಲಿಲ್ಲ. ತಲೆ ಎತ್ತಿ ಮಾಳಿಗೆಯ ಕಡೆ ನೋಡಿತು. ನಮ್ಮ ಊರಿನಲ್ಲಿ ಗಾಯ ಕಳೆದುಹೋಗುವುದಿಲ್ಲ. ನಾನು ಮೆಟ್ಟಿಲು ಹತ್ತಿದೆ.

ಅವ್ವ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಎಡಗೈಯನ್ನು ನೀರಿನ ಬಕೆಟ್ಟಿನಲ್ಲಿ ಭುಜದವರೆಗೆ ಅದ್ದಿಕೊಂಡು, ಬಲಗೈಯಿಂದ ಮೊರದಲ್ಲಿದ್ದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಅವಳ ರವಿಕೆಯ ತೋಳು ಹಸಿ ಚರ್ಮಕ್ಕೆ ಅಂಟಿಕೊಂಡಿತ್ತು.

"ಬಾಗಿಲು ಹಾಕು" ಎಂದಳು. "ನೊಣ ಬರ್ತವೆ."

ನಾನು ಬಾಗಿಲು ಹಾಕಿ ಅಲ್ಲೇ ಕೂತೆ.

"ಯಾವಾಗಿನಿಂದ?" ಎಂದೆ.

"ಬೆರಳು ಸುಟ್ಟುಕೊಂಡ್ತಲ್ಲ, ಅವತ್ತಿನಿಂದ. ನೀನು ಮಲಗಿದ ಮೇಲೆ ನನ್ನ ತಟ್ಟೆ ತಗಂಡು ಇಳಿತೀನಿ. ನಾನರ್ಧ, ಅವನರ್ಧ. ನೀನು ಹಾಕೋದು ಅವನಿಗೆ ಸಾಲಂಗಿಲ್ಲ ನಳಿನಿ. ಬೆಳೆಯೋ ಹುಡುಗ."

"ಅದು ಬೆಳೆಯಲ್ಲ ಅವ್ವ."

"ನೀನು ನೋಡಿದೀಯಾ?"

ಅವಳು ಒಂದು ಕಲ್ಲನ್ನು ಹೆಕ್ಕಿ ಪಕ್ಕಕ್ಕೆ ಎಸೆದಳು. "ವಕೀಲರು ಹೇಳಿದ್ದು ನಿನಗೆ ಗೊತ್ತಿತ್ತು" ಎಂದೆ. "ಗೊತ್ತಿದ್ದೂ ಉಂಡೆಯಲ್ಲ."

"ಗೊತ್ತಿದ್ದಕ್ಕೇ ಉಂಡೆ" ಎಂದಳು. ಅವಳ ದನಿ ಅಕ್ಕಿ ಬೆಲೆ ಹೇಳುವವಳ ದನಿಯಂತಿತ್ತು. "ನಿಮ್ಮಪ್ಪನ ಕೈ ಸುಟ್ಟಾಗ ನಾನು ಅಷ್ಟು ಹತ್ರ ಇದ್ದೆ, ಸೌಟಿನಷ್ಟು ದೂರ. ಅದನ್ನ ನನಗೆ ಕೊಡು ಅಂತ ಎಷ್ಟು ಕೇಳಿಕೊಂಡೆ ಅಂತೀಯ. ಯಾರು ಕೊಡ್ತಾರೆ. ಈ ಊರಲ್ಲಿ ತಾಯಂದಿರು ಎಲ್ಲ ಮಾಡಿ ನೋಡವ್ರೆ, ಯಾರ ನೋವೂ ಯಾರಿಗೂ ದಾಟಿಲ್ಲ. ಈಗ ನಿಮ್ಮ ಕಾಯ್ದೆಯವರು ಒಂದು ಬಾಗಿಲು ಮಾಡವ್ರೆ. ಅವರಿಗೇ ಗೊತ್ತಿಲ್ಲ."

"ನನಗೆ ಬರಬಾರದು ಅಂತ ತಾನೇ ಅದು ಇರೋದು. ಅದಕ್ಕೇ ಬಿಡಬೇಕಿತ್ತು."

"ಅವನಿಗೂ ಬರಬಾರದು."

ಇದನ್ನು ಹೇಳುವಾಗ ಮಾತ್ರ ಅವಳು ಕಲ್ಲು ಆರಿಸುವುದನ್ನು ನಿಲ್ಲಿಸಿದಳು. ಬಕೆಟ್ಟಿನ ನೀರು ನಡುಗುತ್ತಿತ್ತು. ಅವಳ ಮುಖ ನಡುಗುತ್ತಿರಲಿಲ್ಲ.

ಅಂಗಡಿ ಮುಚ್ಚುತ್ತೇನೆ ಎಂದೆ. "ಮುಚ್ಚು" ಎಂದಳು. "ಕೊಟ್ಟಿರೋ ಬಾಯ್ಲರೆಲ್ಲ ತಣ್ಣಗಾಗ್ತಾವಾ? ಊರು ನಾಳೆಯಿಂದ ಇಡ್ಲಿ ತಿನ್ನೋದು ಬಿಡ್ತದಾ?" ವಕೀಲರಿಗೆ ಹೇಳುತ್ತೇನೆ ಎಂದೆ. ಅವಳು ನನ್ನ ಕೈಗಳನ್ನು ನೋಡಿದಳು. ಹೇಳಿದರೆ ಕಂಪನಿ ರದ್ದಾಗುತ್ತದೆ. ಊರಿನ ಅಡುಗೆಮನೆಗಳಲ್ಲಿ, ಲಾಂಡ್ರಿಗಳಲ್ಲಿ ಈ ಹೊತ್ತಿನಲ್ಲಿ ಹಬೆಯಾಡುತ್ತಿರುವ ನನ್ನ ಬಾಯ್ಲರುಗಳೆಲ್ಲ ಮತ್ತೆ ನನ್ನ ಚರ್ಮದ ಮೇಲೆ ಬಂದು ಕೂರುತ್ತವೆ. ಹೇಳದಿದ್ದರೆ ಅವು ಕೂರುವುದು ಇವಳ ಮೇಲೆ.

"ನಾನಿರೋ ತನಕ ಇದು" ಎಂದಳು ಅವ್ವ. "ಆಮೇಲೆ ನೀನೇ ಯೋಚನೆ ಮಾಡು."

ಡಾಕ್ಟರಿಗೆ ತೋರಿಸುವಂತಿರಲಿಲ್ಲ. ಈ ಊರಿನ ಡಾಕ್ಟರುಗಳು ಗಾಯ ನೋಡಿದ ಕೂಡಲೇ ಕೇಳುವುದು ಯಾರ ಕೆಲಸದ್ದು ಎಂದೇ. ಔಷಧಿ ಅಂಗಡಿಗೆ ಹೋಗಿ ಕಂಪನಿಗೆ ಸುಟ್ಟಿದೆ ಎಂದು ಹೇಳಿ ಮುಲಾಮು, ಬ್ಯಾಂಡೇಜು ತಂದೆ. ಅಂಗಡಿಯವನು ಮರುಮಾತಾಡದೆ ಕೊಟ್ಟ. ಅರ್ಧ ಬ್ಯಾಂಡೇಜನ್ನು ಅವ್ವನ ತೋಳಿಗೆ ಸುತ್ತಿದೆ. ಉಳಿದರ್ಧವನ್ನು ಕೆಳಗೆ ಒಯ್ದು ಕಂಪನಿಯ ನುಣುಪು ತೋಳಿಗೆ ಭುಜದಿಂದ ಮಣಿಕಟ್ಟಿನವರೆಗೆ ಸುತ್ತಿದೆ. ಅದು ತೋಳನ್ನು ನೇರವಾಗಿ ಹಿಡಿದುಕೊಂಡು ಸಹಕರಿಸಿತು. ಮುಗಿದ ಮೇಲೆ ಬ್ಯಾಂಡೇಜನ್ನು ಮೂಸಿ ನೋಡಿತು.

ಗಾಯವಾದರೆ ಅದು ಕಂಪನಿಯ ಮೈಗೇ ಬಂದಿದೆ ಎಂದು ವಕೀಲರು ನೋಡಿ ಬರೆದುಕೊಳ್ಳಬೇಕೆಂಬುದು ಕಟ್ಟಳೆ. ಮಧ್ಯಾಹ್ನ ತಿಪ್ಪೇರುದ್ರಪ್ಪನವರು ಬಂದರು. ಖುಷಿಯಲ್ಲಿದ್ದರು.

"ನೋಡಿದ್ಯಾ? ನಾನೇನು ಹೇಳಿದ್ದೆ? ಇವತ್ತು ನೀನು ಆಸ್ಪತ್ರೇಲಿ ಇರ್ಬೇಕಿತ್ತು, ಇಲ್ಲಿ ನಿಂತು ನನ್ನ ಜೊತೆ ಮಾತಾಡ್ತಿದೀಯ."

"ಬ್ಯಾಂಡೇಜ್ ಬಿಚ್ಚಬೇಕಾ?" ಎಂದು ಕೇಳಿದೆ.

ಅವರು ಕೈ ಅಡ್ಡ ಹಿಡಿದರು. "ಬೇಡ ಬೇಡ. ಬಿಚ್ಚಿ, ಅಂಟಿರೋ ಚರ್ಮ ಕಿತ್ತು ಬಂದ್ರೆ ಅದು ನನ್ನ ಕೆಲಸ ಆಗುತ್ತೆ. ನಮ್ಮ ಕಂಪನಿಗೆ ಆಗಲೇ ಬೇಕಾದಷ್ಟಿದೆ." ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದೆ. ಅವರು ಕಂಪನಿಯ ಮುಂದೆ ಬಗ್ಗಿ, ದೊಡ್ಡ ದನಿಯಲ್ಲಿ, ಕಿವುಡರೊಂದಿಗೆ ಮಾತಾಡುವ ಹಾಗೆ ಕೇಳಿದರು. "ನೋವಿದೆಯಾ?"

ಕಂಪನಿ ಮಾಳಿಗೆಯ ಕಡೆ ನೋಡಿತು. "ಇದೆ" ಎಂದಿತು. ಅದರ ಕಣ್ಣಿನಿಂದ ನೀರು ಇಳಿಯಿತು.

"ಪರವಾಗಿಲ್ವೇ, ಮಾತು ಕಲಿತಿದೆ" ಎಂದರು ವಕೀಲರು, ನೆಟ್ಟಗಾಗುತ್ತ. ಅಷ್ಟರಲ್ಲಿ ಅವ್ವ ಮೆಟ್ಟಿಲಿಳಿದು ಬಂದಳು. ಬಲಗೈಯಲ್ಲಿ ಕಾಫಿ. ಸೆರಗನ್ನು ಎಡಭುಜದ ಮೇಲಿಂದ ಇಳಿಬಿಟ್ಟು ಕೈ ಮುಚ್ಚಿಕೊಂಡಿದ್ದಳು. ಲೋಟ ಒಂದಿಷ್ಟೂ ತುಳುಕಲಿಲ್ಲ.

"ಹುಷಾರಾಗಿದೀಯೇನವ್ವ?"

"ನನಗೇನಾಗ್ತದೆ ವಕೀಲರೇ. ಸಕ್ಕರೆ ಕಮ್ಮಿ ಹಾಕಿದೀನಿ, ನಿಮ್ಮ ಕಂಪನಿಗೆ ಪಾಪ ಸಕ್ಕರೆ ಕಾಯಿಲೆ ಬರಬಾರದಲ್ಲ."

ಅವರು ಹೊಟ್ಟೆ ಕುಲುಕಿಸಿ ನಕ್ಕರು. ಕಾಫಿ ಮುಗಿಸಿ, ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಇನ್ನು ಒಂದೇ ಮಾತು, ಕೇಳಲೇಬೇಕಾದ್ದು. ಈ ಗಾಯ ಕಂಪನಿಗೆ ಬಿಟ್ಟು ಬೇರೆ ಯಾರ ಮೈಮೇಲಾದ್ರೂ ಬಂತಾ?"

ಅವ್ವ ಲೋಟಕ್ಕೆ ಕೈ ಚಾಚಿದ್ದಳು. ನಾನು ಅವಳನ್ನು ನೋಡಲಿಲ್ಲ. ನನ್ನ ಎಡಗೈ ತಾನಾಗಿಯೇ ಮೇಲೆದ್ದು ಬಲತೋಳನ್ನು ಹಿಡಿದುಕೊಂಡಿತ್ತು, ಮೊಳಕೈಯ ಮೇಲೆ. ಅಲ್ಲಿನ ಚರ್ಮ ತಣ್ಣಗಿತ್ತು, ಮೆತ್ತಗಿತ್ತು. ಅದು ಹಾಗೆಯೇ ಇರಲಿ ಎಂಬುದನ್ನು ಬಿಟ್ಟು ಬೇರೆ ಯಾವ ಯೋಚನೆಯೂ ಆ ಗಳಿಗೆಯಲ್ಲಿ ನನ್ನೊಳಗಿರಲಿಲ್ಲ.

"ಇಲ್ಲ" ಎಂದೆ.

ಅವರು ಬರೆದುಕೊಂಡು ಹೋದರು. ಮುದ್ದಣ್ಣನನ್ನು ನೋಡಲು ಆಸ್ಪತ್ರೆಗೆ ಹೋದೆ. ಅವನು ಬಲಗೈ ಎತ್ತಿ ಮುಗಿದು, "ನಿಮಗೇನೂ ಆಗಲಿಲ್ಲವಲ್ಲ ತಾಯಿ" ಎಂದ. ಅದು ಕೊಂಕೋ ಕರುಣೆಯೋ ನನಗೆ ತಿಳಿಯಲಿಲ್ಲ. ದಾರಿಯಲ್ಲಿ ಬರುವಾಗ ನಾಳೆ ಬೆಳಿಗ್ಗೆ ವಕೀಲರ ಮನೆಗೆ ಹೋಗಿ ಎಲ್ಲ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡೆ. ಏನು ಹೇಳಬೇಕು, ಯಾವ ಮಾತಿನಿಂದ ಶುರು ಮಾಡಬೇಕು ಎಂದು ಕೂಡ ಜೋಡಿಸಿಕೊಂಡೆ. ಒಂದು ಹೋಟೆಲಿನ ಕಿಟಕಿಯಿಂದ ಹಬೆ ಹೊರಗೆ ಬರುತ್ತಿತ್ತು. ಅದು ನನ್ನ ಬಾಯ್ಲರಿನದು. ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದೆ.

ಸಂಜೆ ಅಡುಗೆ ನಾನು ಮಾಡಿದೆ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಜ್ವರ ಬಂದಿತ್ತು, ತುಟಿ ಒಣಗಿತ್ತು. ಊಟ ಬೇಡ ಎನ್ನಬಹುದು ಎಂದುಕೊಂಡಿದ್ದೆ. ಅವಳು ತನ್ನ ತಟ್ಟೆಯನ್ನು ಬಲಗೈಯಿಂದ ಮುಂದಕ್ಕೆ ತಳ್ಳಿ, ಬಡಿಸು ಎನ್ನುವಂತೆ ನನ್ನನ್ನು ನೋಡಿದಳು. ಅವಳು ದಿನವೂ ತಿನ್ನುವಷ್ಟು ಅನ್ನ ಬಡಿಸಿದೆ. ಅವಳು ನಾಲ್ಕು ತುತ್ತು ತಿಂದು ಉಳಿದದ್ದನ್ನು ತಟ್ಟೆಯ ಒಂದು ಬದಿಗೆ ಸರಿಸತೊಡಗಿದಳು. ಮರೆಮಾಡಲಿಲ್ಲ. ಕೆಳಗೆ ಕಂಪನಿಯ ಕುರ್ಚಿ ಕಿರುಗುಟ್ಟಿತು.

ನಾನು ಸೌಟು ಹಿಡಿದು ನಿಂತಿದ್ದೆ. ನಾಳೆ ಹೇಳಬೇಕೆಂದು ಜೋಡಿಸಿಕೊಂಡ ಮಾತುಗಳು ಒಂದೊಂದಾಗಿ ಬಿಟ್ಟುಹೋಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ವಕೀಲರಿಗೆ ಹೇಳುವುದಿಲ್ಲ. ಗುರುಪಾದಪ್ಪನವರಿಗೆ ಹೇಳುವುದಿಲ್ಲ, ಮುದ್ದಣ್ಣನಿಗೆ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಬಗ್ಗಿ, ಅವ್ವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದೆ, ಇಬ್ಬರಿಗೆ ಸಾಲುವಷ್ಟು.